ತಳದ ಮುದ್ರೆ ನೋಡಿ ಪಾಲು ಹಾಕಬೇಡಿ

ಹಳೆಯ ಪಿಂಗಾಣಿಯ ಬೆಲೆ ಕೇಳಿಕೊಂಡು ಬರುವವರೆಲ್ಲ ಮೊದಲು ಅದನ್ನು ಮಗುಚಿ ತಳ ತೋರಿಸುತ್ತಾರೆ. ಮಡಿಕೇರಿಯಲ್ಲಿರುವ ನನ್ನ ಸೋದರತ್ತೆಯ ಮಕ್ಕಳೂ ಹಾಗೇ ಮಾಡಿದರು. ಅತ್ತೆಯ ಮಾವ ಇಂಗ್ಲಿಷ್ ದೊರೆಯೊಬ್ಬರ ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ದೊರೆ ತೋಟ ಮಾರಿ ಹೊರಟಾಗ ಬಂಗಲೆಯಲ್ಲಿದ್ದ ಒಂದು ಜೊತೆ ಮುಚ್ಚಳದ ಹೂದಾನಿ ಇವರ ಮನೆ ಸೇರಿತು. ಅತ್ತೆ ತೀರಿಕೊಂಡ ಮೇಲೆ ಪಾಲಿನ ಮಾತು ಬಂತು. ತಳದಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದ ನೀಲಿ ‘ಎ’, ‘ಆರ್’ ಅಕ್ಷರಗಳನ್ನು ಮೊಬೈಲಿನಲ್ಲಿ ಹುಡುಕಿದ ಮಗ, ಇದು ಕೋಟಿ ಬಾಳುತ್ತದೆ ಎಂದ.

ಅವನು ಓದಿದ್ದರಲ್ಲಿ ಸುಳ್ಳೇನಿರಲಿಲ್ಲ. ಎ.ಆರ್. ಎಂದರೆ ಅಗಸ್ಟಸ್ ರೆಕ್ಸ್, ಸ್ಯಾಕ್ಸನಿಯನ್ನು ಆಳುತ್ತ ಪೋಲೆಂಡಿಗೂ ರಾಜನಾಗಿದ್ದವನು. ಚೀನಾದವರಂತೆ ಗಟ್ಟಿ ಪಿಂಗಾಣಿ ಮಾಡುವ ಗುಟ್ಟು ಯುರೋಪಿನಲ್ಲಿ ಮೊದಲು ಒಲಿದದ್ದು ಅವನ ಆಶ್ರಯದಲ್ಲಿ. 1710ರಲ್ಲಿ ಮೈಸೆನ್ ಕಾರ್ಖಾನೆ ಶುರುವಾಯಿತು. ಅರಮನೆಗೆಂದೋ ರಾಜನ ಉಡುಗೊರೆಗೆಂದೋ ಮಾಡಿದ ಪಾತ್ರೆಗಳಿಗೆ ಈ ಮುದ್ರೆ ಬೀಳುತ್ತಿತ್ತು. ಅಂಥವು ಇಂದು ನಿಜಕ್ಕೂ ಭಾರಿ ಬೆಲೆಯ ವಸ್ತುಗಳು.

ಆದರೆ ಹೂದಾನಿಯ ಮೈ ಬೇರೆಯೇ ಕಥೆ ಹೇಳುತ್ತಿತ್ತು. ನಾಲ್ಕು ಅಂಕಣ: ಎರಡರಲ್ಲಿ ಹಳದಿ ನೆಲದ ಮೇಲೆ ಹೂಗೊಂಚಲು, ಎರಡರಲ್ಲಿ ಮರದಡಿ ಕೂತ ಪ್ರೇಮಿಗಳು. ಫ್ರಾನ್ಸಿನ ವಾಟೋ ಎಂಬ ಚಿತ್ರಕಾರನ ಧಾಟಿ ಅದು. ಮೈಸೆನ್‌ನಲ್ಲಿ ಈ ಧಾಟಿ ಜನಪ್ರಿಯವಾದದ್ದು 1740ರ ದಶಕದಲ್ಲಿ. ಅಗಸ್ಟಸ್ ಸತ್ತದ್ದು 1733ರಲ್ಲಿ. ಅವನ ಕಾಲದ ಹೂದಾನಿಗಳಲ್ಲಿ ಹೆಚ್ಚಾಗಿ ಕಾಣುವುದು ಚೀನಾ, ಜಪಾನ್ ಮಾದರಿಯ ಚಿತ್ರಗಳು. ಮುದ್ರೆಗೂ ಚಿತ್ರಕ್ಕೂ ತಾಳೆಯಾಗಲಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಡ್ರೆಸ್ಡೆನ್‌ನ ಹೆಲೆನಾ ವೋಲ್ಫ್‌ಸೋನ್ ಬಿಳಿ ಪಾತ್ರೆಗಳಿಗೆ ಬಣ್ಣ ಹಾಕಿಸಿ ಮಾರುತ್ತಿದ್ದ ವ್ಯಾಪಾರಿ. ಹೂವು, ಪ್ರೇಮಿ, ಹೂವು, ಪ್ರೇಮಿ ಎಂಬ ಈ ಸರದಿ ಅವಳ ಅಂಗಡಿಯ ಸರಕಿನಲ್ಲಿ ಎದ್ದು ಕಾಣುತ್ತದೆ. ಅವಳು ಎ.ಆರ್. ಮುದ್ರೆಯನ್ನೇ ಹಾಕಿಸುತ್ತಿದ್ದಳು. ಮೈಸೆನ್‌ನವರು ನ್ಯಾಯಾಲಯಕ್ಕೆ ಹೋಗಿ ಅದನ್ನು ನಿಲ್ಲಿಸಿದ ಮೇಲೆ ಕಿರೀಟದ ಕೆಳಗೆ ‘ಡಿ’ ಅಕ್ಷರ ಬಂತು. ನಮ್ಮ ಜೋಡಿ ಆ ಮೊಕದ್ದಮೆಗೆ ಮುಂಚಿನದೆಂದೇ ತೋರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅಚ್ಚಿನ ಚುಕ್ಕೆಗಳಿಲ್ಲ, ಕುಂಚದ ಎಳೆಗಳೇ ಕಾಣುತ್ತವೆ. ಅಂದರೆ ಕೈಯಿಂದಲೇ ಬಿಡಿಸಿದ ಅಂದವಾದ ಕೆಲಸ. ಮುದ್ರೆ ಬೇರೆಯವರದೆಂದು ಇಂಥ ವಸ್ತುವನ್ನು ತಿಪ್ಪೆಗೆ ಎಸೆಯಬೇಕಿಲ್ಲ, ಅದಕ್ಕೂ ಕೊಳ್ಳುವವರಿದ್ದಾರೆ.

ನೇರಳಾತೀತ ಟಾರ್ಚ್ ಬಿಟ್ಟಾಗ ಒಂದರ ಮುಚ್ಚಳದ ಗುಬುಟಿನ ಸುತ್ತ ಬೇರೆ ಬಣ್ಣದ ಹೊಳಪು ಕಂಡಿತು. ಯಾವಾಗಲೋ ಮುರಿದದ್ದನ್ನು ಅಂಟಿಸಿ ಮೇಲೆ ಬಣ್ಣ ಬಳಿದಿದ್ದರು. ಬರಿಗಣ್ಣಿಗೆ ಕಾಣದ ಇಂಥ ರಿಪೇರಿಯೂ ಬೆಲೆಯನ್ನು ದೊಡ್ಡದಾಗಿಯೇ ಇಳಿಸುತ್ತದೆ. ಅದಕ್ಕೇ ಕೊಳ್ಳುವಾಗಲೂ ಮಾರುವಾಗಲೂ ಈ ಟಾರ್ಚ್ ಜೊತೆಗಿರಲಿ ಎನ್ನುತ್ತೇನೆ.

ಇನ್ನು ದುಡ್ಡಿನ ವಿಚಾರ. ಮಾರಾಟಕ್ಕಿಟ್ಟವರು ಹೇಳುವ ಬೆಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಹರಾಜಿನಲ್ಲಿ ಅಂಥದ್ದೇ ವಸ್ತು ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದನ್ನು ಹುಡುಕಿ, ಅದರಲ್ಲಿ ಹರಾಜು ಮನೆಯ ಕಮಿಷನ್ ಕಳೆಯಿರಿ. ವಿದೇಶದ ಹರಾಜಿನ ಬೆಲೆ ನೋಡಿ ನಮ್ಮವರು ಮರೆಯುವ ಸಂಗತಿ ಇನ್ನೊಂದಿದೆ. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕುಸುರಿಯ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹಾಗಾಗಿ ಲಂಡನ್ನಿನ ಗಿರಾಕಿ ಮಡಿಕೇರಿಯ ಹೂದಾನಿಗೆ ಗಿರಾಕಿಯೇ ಅಲ್ಲ. ಇಲ್ಲಿಯ ಸಂಗ್ರಾಹಕ ಏನು ಕೊಡುತ್ತಾನೋ ಅದೇ ಅದರ ಬೆಲೆ.

ಅಣ್ಣ ತಂಗಿ ಇಬ್ಬರೂ ಒಂದೊಂದು ಇಟ್ಟುಕೊಳ್ಳುವುದೆಂದು ಹಿರಿಯರು ತೀರ್ಮಾನಿಸಿದ್ದರು. ಅದನ್ನು ನಾನು ಬಲವಾಗಿ ವಿರೋಧಿಸಿದೆ. ಜೊತೆಗಿದ್ದಾಗ ಸಿಗುವ ಬೆಲೆ ಎರಡು ಒಂಟಿಗಳನ್ನು ಕೂಡಿದರೂ ಸಾಮಾನ್ಯವಾಗಿ ಸಿಗುವುದಿಲ್ಲ. ಪಾಲು ಮಾಡಿದರೆ ಇಬ್ಬರಿಗೂ ನಷ್ಟ, ಅದರಲ್ಲೂ ಅಂಟಿಸಿದ ಮುಚ್ಚಳ ಯಾರ ಪಾಲಿಗೆ ಬರುತ್ತದೋ ಅವರಿಗೆ ಹೆಚ್ಚು. ಮೌಲ್ಯಮಾಪಕರು ಜೋಡಿಗೆ 60,000 ರೂಪಾಯಿ ಹೇಳಿದರು. ತಂಗಿ ಎರಡನ್ನೂ ಇಟ್ಟುಕೊಂಡು ಅಣ್ಣನಿಗೆ 30,000 ಕೊಟ್ಟಳು. ಕೋಟಿ ಎಣಿಸಿದ್ದ ಅವನಿಗೆ ಬೇಸರವಾಯಿತು, ಆದರೆ ಟಾರ್ಚಿನ ಬೆಳಕಲ್ಲಿ ಮುಚ್ಚಳ ನೋಡಿದ ಮೇಲೆ ತಕರಾರು ಮಾಡಲಿಲ್ಲ.

ಮೌಲ್ಯಮಾಪಕರಿಂದ ಇನ್ನೊಂದು ಅಂಕಿಯನ್ನೂ ಬರೆಸಿಕೊಂಡೆವು: 2001ರ ಏಪ್ರಿಲ್ 1ರಂದು ಈ ಜೋಡಿಯ ಮಾರುಕಟ್ಟೆ ಬೆಲೆ. ಮುಂದೆ ಅವಳು ಮಾರಿದಾಗ ತೆರಿಗೆಯವರು ಇದನ್ನು ಕಲಾಕೃತಿ ಎಂದು ಪರಿಗಣಿಸಿದರೆ ಬಂಡವಾಳ ಲಾಭದ ಲೆಕ್ಕ ಬರುತ್ತದೆ. ಆ ದಿನಕ್ಕಿಂತ ಮೊದಲೇ ಮನೆಗೆ ಬಂದ ವಸ್ತುವಿಗೆ ಆ ಬೆಲೆಯನ್ನೇ ಅಸಲು ಎಂದು ಹಿಡಿಯಲು ಅವಕಾಶವಿದೆ. ರಿಪೇರಿಯ ವಿವರ ಮತ್ತು ನಾಲ್ಕೂ ದಿಕ್ಕಿನ ಫೋಟೋಗಳೊಂದಿಗೆ ಆ ಕಾಗದ ಈಗ ಪಾಲುಪತ್ರದ ಜೊತೆಗಿದೆ.