ಪಿನ್ನು ಹೊಂದಿದರೆ ಸಾಲದು

ಹೆಡ್‌ಫೋನ್ ಆಂಪ್ಲಿಫೈಯರ್ ಯಾವುದು ಒಳ್ಳೆಯದು ಎಂದು ತಿಂಗಳುಗಟ್ಟಲೆ ವಿಚಾರಿಸುವ ನಾವು ಅದರ ಅಡಾಪ್ಟರನ್ನು ಐದು ನಿಮಿಷದಲ್ಲಿ ಕೊಂಡು ತರುತ್ತೇವೆ. ಕರೆಂಟು ಎಲ್ಲ ಕಡೆ ಒಂದೇ ಥರ ಇರುವ ಊರುಗಳಲ್ಲಿ ಇದು ನಡೆದೀತು. ನಮ್ಮ ಕೋಲಾರ ಜಿಲ್ಲೆಯಲ್ಲಿ ನಡೆಯುವುದಿಲ್ಲ. ನನಗೆ ಕೆಲಸ ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ, ಹುಟ್ಟಿದ ಮನೆ ಮುಳಬಾಗಿಲು ತಾಲ್ಲೂಕಿನ ಹಳ್ಳಿಯಲ್ಲಿ. ಮಾವನವರದು ಶ್ರೀನಿವಾಸಪುರದ ಕಡೆ ಮಾವಿನ ತೋಟ, ಅಕ್ಕ ಇರುವುದು ಕೋಲಾರದಲ್ಲಿ. ಒಂದೇ ಆಂಪ್ಲಿಫೈಯರನ್ನು ಚೀಲದಲ್ಲಿಟ್ಟುಕೊಂಡು ಈ ನಾಲ್ಕೂ ಕಡೆ ತಿರುಗಿದ್ದರಿಂದ ಗೊತ್ತಾದ ಸಂಗತಿಗಳಿವು.

ನನ್ನದು ಆಬ್ಜೆಕ್ಟಿವ್2, ಕೇಳುಗರ ಬಾಯಲ್ಲಿ ಓ2. ಎನ್‌ಡಬ್ಲ್ಯುಎವಿಗೈ ಎಂಬ ಗುಪ್ತನಾಮದ ಎಂಜಿನಿಯರ್ ಒಬ್ಬರು 2011ರಲ್ಲಿ ಇದರ ಸರ್ಕ್ಯೂಟನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಬಿಡಿಬಿಡಿಯಾಗಿ ಪ್ರಕಟಿಸಿದರು. ಮರುವರ್ಷ ಅವರು ಮೌನವಾದರು, ಆದರೆ ಅವರ ಆಂಪ್ಲಿಫೈಯರನ್ನು ಜಗತ್ತಿನ ಹವ್ಯಾಸಿಗಳು ಇಂದಿಗೂ ಕಟ್ಟುತ್ತಿದ್ದಾರೆ. ಒಳಗೆ ಎರಡು 9 ವೋಲ್ಟ್ ರೀಚಾರ್ಜ್ ಬ್ಯಾಟರಿ, ಹೊರಗೆ ಗೋಡೆಯ ಪಾಯಿಂಟಿಗೆ ಸಿಕ್ಕಿಸುವ ಅಡಾಪ್ಟರ್. ಇದಕ್ಕೆ ಬೇಕಾದ ಅಡಾಪ್ಟರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥದಲ್ಲ.

ರೂಟರ್, ಸೆಟ್‌ಟಾಪ್ ಬಾಕ್ಸ್, ಸಿಸಿಟಿವಿ ಇವಕ್ಕೆಲ್ಲ ಬರುವುದು ಡಿಸಿ ಅಡಾಪ್ಟರ್. ಓ2ಗೆ ಬೇಕಿರುವುದು ಎಸಿ ತೆಗೆದುಕೊಂಡು ಎಸಿಯನ್ನೇ ಕೊಡುವ ಅಡಾಪ್ಟರ್. ಅದರೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಬಿಟ್ಟು ಬೇರೇನೂ ಇರುವುದಿಲ್ಲ. ಕೋಲಾರದ ಅಂಗಡಿಯೊಂದರಲ್ಲಿ ಕೇಳಿದಾಗ, "ಎಲ್ಲಾ ಒಂದೇ ಸಾರ್, ಪಿನ್ನು ಹೊಂದಿದ್ರೆ ಸಾಕು" ಎಂದು 12 ವೋಲ್ಟ್ ಡಿಸಿಯದನ್ನು ಮುಂದಿಟ್ಟರು. ಪಿನ್ನೇನೋ ಹೊಂದುತ್ತಿತ್ತು. ಆದರೆ ಓ2 ಎಸಿಯ ಮೇಲರ್ಧ ಅಲೆಯಿಂದ ಪ್ಲಸ್ 12 ವೋಲ್ಟನ್ನೂ ಕೆಳಗರ್ಧದಿಂದ ಮೈನಸ್ 12 ವೋಲ್ಟನ್ನೂ ಮಾಡಿಕೊಳ್ಳುತ್ತದೆ. ಡಿಸಿ ಕೊಟ್ಟರೆ ಒಂದು ಬದಿ ಮಾತ್ರ ತುಂಬುತ್ತದೆ, ಇನ್ನೊಂದು ಬದಿಯ ಬ್ಯಾಟರಿ ಖಾಲಿಯೇ ಉಳಿಯುತ್ತದೆ. ಆದ್ದರಿಂದ ಅಡಾಪ್ಟರಿನ ಚೀಟಿಯಲ್ಲಿ 'ಔಟ್‌ಪುಟ್' ಎಂಬ ಸಾಲನ್ನು ಮೊದಲು ಓದಬೇಕು. ವೋಲ್ಟ್ ಅಂಕಿಯ ಪಕ್ಕ ಅಲೆಯ ಗುರುತಿದ್ದರೆ ಎಸಿ. ನೇರ ಗೆರೆ, ಅದರ ಕೆಳಗೆ ಚುಕ್ಕೆಗೆರೆ ಇದ್ದರೆ ಡಿಸಿ.

ಎಸಿ ಅಡಾಪ್ಟರ್ ಬೇಕೆಂದು ಗೊತ್ತಾದ ಮೇಲೆ ಎಷ್ಟು ವೋಲ್ಟಿನದು ಎಂಬ ಪ್ರಶ್ನೆ. 12ರಿಂದ 20 ವೋಲ್ಟ್‌ವರೆಗೆ ಯಾವುದಾದರೂ ಆದೀತು ಎಂಬುದು ಓ2 ಕಟ್ಟುವವರಲ್ಲಿ ರೂಢಿಯ ಮಾತು. ಈ ಮಾತು ಹುಟ್ಟಿದ್ದು ಕರೆಂಟು ಅಲುಗಾಡದ ದೇಶಗಳಲ್ಲಿ. ನಮ್ಮಲ್ಲಿ ಮನೆಗೆ ಬರಬೇಕಾದ್ದು 230 ವೋಲ್ಟ್, ಶೇ 6ರಷ್ಟು ಹೆಚ್ಚುಕಡಿಮೆ ಇರಬಹುದೆಂದು ಹಳೆಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಅಂದರೆ 216ರಿಂದ 244ರೊಳಗೆ. ಮಾಲೂರಿನ ನನ್ನ ರೂಮಿನಲ್ಲಿ ಮಲ್ಟಿಮೀಟರ್ ಹೆಚ್ಚುಕಡಿಮೆ ಈ ಗೆರೆಯೊಳಗೇ ಇರುತ್ತದೆ. 12 ವೋಲ್ಟಿನ ಎಸಿ ಅಡಾಪ್ಟರ್ ಅಲ್ಲಿ ಯಾವ ತಕರಾರೂ ಮಾಡಲಿಲ್ಲ.

ಅದೇ ಅಡಾಪ್ಟರನ್ನು ಶ್ರೀನಿವಾಸಪುರದ ತೋಟದ ಮನೆಗೆ ಒಯ್ದರೆ ಕಥೆಯೇ ಬೇರೆ. ಹಳ್ಳಿಯೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯಲ್ಲಿ ಬೇರೆ ಲೈನು ಬಂತು. ತೋಟದೊಳಗಿನ ಒಂಟಿ ಮನೆಗಳು ಇನ್ನೂ ಪಂಪ್‌ಸೆಟ್ಟಿನ ಲೈನಿನಲ್ಲೇ ಇವೆ. ಈ ಕಡೆಯ ಬೋರ್‌ವೆಲ್ಲುಗಳು ಸಾವಿರ ಅಡಿ ದಾಟಿ ಇಳಿದಿವೆ. ಅಷ್ಟು ಆಳದಿಂದ ನೀರೆತ್ತುವ ಮೋಟರುಗಳೆಲ್ಲ ತ್ರೀ ಫೇಸ್ ಬಂದ ಕೂಡಲೇ ಒಟ್ಟಿಗೆ ಶುರುವಾಗುತ್ತವೆ. ಸಿಂಗಲ್ ಫೇಸ್ ಇದ್ದಾಗಲೂ ಕಂಡೆನ್ಸರ್ ಹಾಕಿ ಓಡಿಸುವವರಿದ್ದಾರೆ. ಲೈನಿನ ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿಯಿಂದ ದೂರದಲ್ಲಿರುವ ಮನೆಗೆ ಉಳಿಯುವುದು 170, 175 ವೋಲ್ಟ್. ಆಗ ಹೆಡ್‌ಫೋನಿನಲ್ಲಿ ತಂಬೂರಿಯ ಶ್ರುತಿಯ ಕೆಳಗೆ ಇನ್ನೊಂದು ಶ್ರುತಿ ಗುಂಯ್ ಎನ್ನತೊಡಗುತ್ತದೆ. ಮೋಟರು ನಿಂತರೆ ಅದೂ ನಿಲ್ಲುತ್ತದೆ.

ಕಾರಣ ಬರೀ ಲೆಕ್ಕ. ಟ್ರಾನ್ಸ್‌ಫಾರ್ಮರ್ ಅಡಾಪ್ಟರಿಗೆ ಒಳಗೆ ಬಂದಷ್ಟರ ಪ್ರಮಾಣದಲ್ಲಿ ಹೊರಗೆ ಕೊಡುವುದು ಮಾತ್ರ ಗೊತ್ತು. 230ಕ್ಕೆ 12 ಕೊಡುವುದು 170ಕ್ಕೆ 9ರ ಹತ್ತಿರ ಕೊಡುತ್ತದೆ. ಅಲೆಯ ತುದಿ ಅದರ 1.41 ಪಟ್ಟು, ಅಂದರೆ 12.5. ಡಯೋಡಿನಲ್ಲಿ ಮುಕ್ಕಾಲು ವೋಲ್ಟ್ ಕಳೆದರೆ 12ಕ್ಕೂ ಕಡಿಮೆ. ಒಳಗಿರುವ 7812 ರೆಗ್ಯುಲೇಟರಿಗೆ 12 ವೋಲ್ಟ್ ಸ್ವಚ್ಛವಾಗಿ ಕೊಡಲು ಕನಿಷ್ಠ 14 ಬೇಕು. ಸಾಲದಾದಾಗ ಸೆಕೆಂಡಿಗೆ 50 ಸಲದ ಏರಿಳಿತ ಅದನ್ನು ದಾಟಿ ನೇರ ಕಿವಿಗೆ ಬರುತ್ತದೆ. 15 ವೋಲ್ಟಿನದಾದರೆ ಅದೇ 170ರಲ್ಲಿ 11 ಬರುತ್ತದೆ, ತುದಿ 15.6, ಕಳೆದು ಉಳಿದದ್ದು 15ರ ಹತ್ತಿರ. ರೆಗ್ಯುಲೇಟರ್ ಬದುಕಿಕೊಳ್ಳುತ್ತದೆ, ಗುಂಯ್ ಇಲ್ಲ.

ಹಾಗಿದ್ದರೆ 20 ವೋಲ್ಟಿನದೇ ತಂದುಬಿಡೋಣ ಅನ್ನಿಸುತ್ತದೆ. ಆದರೆ ರಾತ್ರಿ ಮೋಟರುಗಳೆಲ್ಲ ನಿಂತ ಮೇಲೆ ಅದೇ ಲೈನು 250 ದಾಟುವುದುಂಟು. ಸಣ್ಣ ಟ್ರಾನ್ಸ್‌ಫಾರ್ಮರುಗಳು ಭಾರ ಕಡಿಮೆಯಿದ್ದಾಗ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚೇ ಕೊಡುತ್ತವೆ. ಎರಡೂ ಸೇರಿದರೆ ಕೆಪ್ಯಾಸಿಟರುಗಳು ತಾಳುವ ಮಿತಿಯ ಹತ್ತಿರ ಹೋಗುತ್ತದೆ. ಹೆಚ್ಚಾದ ವೋಲ್ಟೆಲ್ಲ ರೆಗ್ಯುಲೇಟರಿನಲ್ಲಿ ಬರೀ ಶಾಖವಾಗಿ ಹೋಗಿ ಡಬ್ಬಿ ಬೆಚ್ಚಗಾಗುತ್ತದೆ. ಆದ್ದರಿಂದ ನಮ್ಮ ಜಿಲ್ಲೆಗೆ 15 ಅಥವಾ 16 ವೋಲ್ಟೇ ಸರಿ.

ಆಂಪಿಯರ್ ವಿಚಾರ ಇದರಷ್ಟು ಕಠಿಣವಲ್ಲ. ವೋಲ್ಟನ್ನು ಅಡಾಪ್ಟರ್ ತಳ್ಳುತ್ತದೆ, ಆಂಪಿಯರನ್ನು ಆಂಪ್ಲಿಫೈಯರೇ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಹಾಗಾಗಿ ಅಡಾಪ್ಟರಿನ ಆಂಪಿಯರ್ ಹೆಚ್ಚಿದ್ದರೆ ಹಾನಿಯಿಲ್ಲ, ಕಡಿಮೆಯಿದ್ದರೆ ತೊಂದರೆ. ಓ2 ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ. ಕರೆಂಟು ಬಂದಾಗ ಸಂಪು ತುಂಬಿಸಿಕೊಂಡು ಆಮೇಲೆ ನಿಧಾನವಾಗಿ ಬಳಸುವ ನಮ್ಮ ಮನೆಗಳಂತೆ, ಅಲೆಯ ತುದಿ ಬಂದ ಕ್ಷಣದಲ್ಲಿ ಕೆಪ್ಯಾಸಿಟರುಗಳನ್ನು ತುಂಬಿಸಿಕೊಳ್ಳುತ್ತದೆ. 200 ಮಿಲಿಆಂಪಿಯರ್ ಕನಿಷ್ಠ ಎನ್ನುವ ಕಡೆ 500 ಇದ್ದರೆ ನಿಶ್ಚಿಂತೆ.

ಇಂಥ ಅಡಾಪ್ಟರ್ ಸಿಗುವುದೆಲ್ಲಿ? ಅಮೆರಿಕದಲ್ಲಿರುವ ನೆಂಟರೊಬ್ಬರು, ಅಲ್ಲಿ 16 ವೋಲ್ಟ್ ಎಸಿ ಅಡಾಪ್ಟರ್ ಸುಲಭವಾಗಿ ಸಿಗುತ್ತದೆ, ತರಲೇ ಎಂದು ಕೇಳಿದ್ದರು. ಅಲ್ಲಿನ ಗೋಡೆಯ ಕರೆಂಟು 120 ವೋಲ್ಟ್. ಅಲ್ಲಿಗೆಂದು ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಇಲ್ಲಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಫೋನ್ ಚಾರ್ಜರಿನ ಮೇಲಿರುವ "100ರಿಂದ 240 ವೋಲ್ಟ್" ಎಂಬ ಬರಹ ಇಂಥದರ ಮೇಲೆ ಇರುವುದಿಲ್ಲ. ಬೇಡವೆಂದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 15-0-15, 500 ಮಿಲಿಆಂಪಿಯರ್ ಟ್ರಾನ್ಸ್‌ಫಾರ್ಮರ್ ಯಾವಾಗಲೂ ಸಿಗುತ್ತದೆ. ಅದರ ನಡುವಿನ ತಂತಿ ಮತ್ತು ಒಂದು ತುದಿಯ ತಂತಿ ಮಾತ್ರ ಬಳಸಿದರೆ 15 ವೋಲ್ಟ್ ಎಸಿ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರ ಕೈಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ಮೇನ್ಸ್ ಕಡೆ ಫ್ಯೂಸ್ ಹಾಕಿಸಿ, ಹೊರಗೆ 2.1 ಮಿಲಿಮೀಟರಿನ ಪಿನ್ನು ಜೋಡಿಸಿಕೊಂಡೆ. ಹೊರನೋಟಕ್ಕೆ ಅದೇ ಥರ ಕಾಣುವ 2.5ರ ಪಿನ್ನೂ ಉಂಟು. ಅದು ಒಳಗೆ ಹೋಗುತ್ತದೆ, ಆದರೆ ಅಲ್ಲಾಡಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. 230 ವೋಲ್ಟಿನ ಕಡೆಯ ಕೆಲಸ ಬಲ್ಲವರೇ ಮಾಡಬೇಕು.

ಮುಳಬಾಗಿಲಿನ ಮನೆಯಲ್ಲಿ ಕಲಿತದ್ದು ಇನ್ವರ್ಟರ್ ಪಾಠ. ಅಲ್ಲಿರುವುದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಕರೆಂಟು ಹೋಗಿ ಇನ್ವರ್ಟರ್ ಹಿಡಿದ ಕೂಡಲೇ ಅಡಾಪ್ಟರೇ ಜೇನುಹುಳದಂತೆ ಗೊಂಯ್‌ಗುಡುತ್ತದೆ. ಮೀಟರಿನಲ್ಲಿ 230ರ ಹತ್ತಿರವೇ ಕಂಡರೂ ಚೌಕ ಅಲೆಗೆ ತುದಿ ಎಂಬುದಿಲ್ಲ, 1.41 ಪಟ್ಟಿನ ಲಾಭವೂ ಸಿಗದು. 15 ವೋಲ್ಟಿನ ಅಡಾಪ್ಟರ್ ಅಲ್ಲಿ ಅಂಚಿನಲ್ಲಿ ನಡೆಯುತ್ತದೆ, 12ರದು ನಡೆಯುವುದೇ ಇಲ್ಲ. ಕರೆಂಟು ಹೋದಾಗ ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ಕೇಳುವುದೇ ಉತ್ತಮ, ಬ್ಯಾಟರಿ ಇರುವುದೇ ಅದಕ್ಕೆ. ಅದು ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಬ್ಯಾಟರಿಯೇ ಆಗಿರಬೇಕು. ಅಂಗಡಿಯ ಮಾಮೂಲಿ 9 ವೋಲ್ಟ್ ಸೆಲ್ ಹಾಕಿ ಅಡಾಪ್ಟರ್ ಸಿಕ್ಕಿಸಿದರೆ ಅದು ಸೋರಿ ಬೋರ್ಡನ್ನು ತಿನ್ನಬಹುದು.

ಕೋಲಾರದ ಅಕ್ಕನ ಮನೆಯ ತೊಂದರೆ ಅಡಾಪ್ಟರಿನದೇ ಅಲ್ಲ. ಅಲ್ಲಿ ಲ್ಯಾಪ್‌ಟಾಪಿನಿಂದ ಹಾಡು ಕೇಳುವಾಗ, ಅದರ ಚಾರ್ಜರ್ ಹಾಕಿದ ಗಳಿಗೆಯಿಂದ ಕಿವಿಯಲ್ಲಿ ಚರಚರ. ಚಾರ್ಜರ್ ತೆಗೆದರೆ ನಿಶ್ಶಬ್ದ. ಮೂರನೆಯ ಪಿನ್ನಿನ ಅರ್ಥಿಂಗ್ ಹೆಸರಿಗಷ್ಟೇ ಇತ್ತು. ಈ ಒಣ ನೆಲದಲ್ಲಿ ಬೇಸಿಗೆ ಬಂದರೆ ಅರ್ಥಿಂಗ್ ಗುಂಡಿಯೂ ಒಣಗುತ್ತದೆ, ಒಣಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ. ಗುಂಡಿಗೆ ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿ ನೀರು ಹಾಕುವ ರೂಢಿ ಮಾಡಿದ ಮೇಲೆ ಸದ್ದು ಹೋಯಿತು. ಫ್ರಿಜ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದುದೂ ನಿಂತಿತು.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ನಮ್ಮ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿಗಳಿಗೆ ವಿದ್ಯುತ್ ತಂದರು, ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲು. ಅಷ್ಟು ದೂರ ತರಲು ಸಾಧ್ಯವಾದದ್ದು ಎಸಿಯನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಏರಿಸಿ ಇಳಿಸಬಹುದಾದ್ದರಿಂದ. ಅಂಗೈಯಗಲದ ಈ ಅಡಾಪ್ಟರಿನಲ್ಲಿ ನಡೆಯುವುದೂ ಅದೇ ಕೆಲಸ. ದೇಶಕ್ಕೆ ಮೊದಲು ದೂರದ ಕರೆಂಟು ನೋಡಿದ ಜಿಲ್ಲೆಗಳಲ್ಲಿ ಒಂದಾದ ನಮ್ಮಲ್ಲಿ, ತೋಟದ ಮನೆಗೆ ಇಂದಿಗೂ 230 ಪೂರ್ತಿ ತಲುಪುತ್ತಿಲ್ಲ.

ಓ2 ಇಲ್ಲದವರಿಗೂ ಎರಡು ಮಾತು. ಡಿಸಿ ಪಿನ್ನಿನ ಆಂಪ್ಲಿಫೈಯರಾದರೆ ವೋಲ್ಟ್ ಬರೆದಷ್ಟೇ ಇರಲಿ, ಆಂಪಿಯರ್ ಹೆಚ್ಚಿರಲಿ, ನಡುವಿನ ಚುಕ್ಕೆ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರ ಅಡಾಪ್ಟರ್, ಆಂಪ್ಲಿಫೈಯರ್ ಎರಡರ ಮೇಲೂ ಒಂದೇ ಇರಲಿ. ಟೈಪ್-ಸಿ ಚಾರ್ಜಿನದಾದರೆ ಸಾಧಾರಣ 5 ವೋಲ್ಟಿನ ಫೋನ್ ಚಾರ್ಜರ್ ಸಾಕು. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿಗೆ ಚಾರ್ಜ್ ಆಗದಿದ್ದರೆ ಒಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ. ಇಂಥ ಚಾರ್ಜರುಗಳು ಲೋ ವೋಲ್ಟೇಜಿಗೆ ಬಗ್ಗುವುದಿಲ್ಲ, 100 ವೋಲ್ಟ್‌ವರೆಗೂ ಕೆಲಸ ಮಾಡುತ್ತವೆ. ಕೊಳ್ಳುವಾಗ ಬಿಐಎಸ್ ಗುರುತು ಇದೆಯೇ ನೋಡಿ.

ಯಾವುದೇ ಅಡಾಪ್ಟರ್ ಕೊಳ್ಳುವ ಮುಂಚೆ ಒಂದು ಮಲ್ಟಿಮೀಟರ್ ತಂದು ನಿಮ್ಮ ಪಾಯಿಂಟಿನ ವೋಲ್ಟನ್ನು ಮೋಟರುಗಳು ಓಡುವಾಗ ಒಮ್ಮೆ, ನಡುರಾತ್ರಿ ಒಮ್ಮೆ ಅಳೆದುಕೊಳ್ಳಿ. ಆ ಎರಡು ಅಂಕಿಗಳ ನಡುವೆ ಸರಿಯಾಗಿ ನಡೆಯುವುದೇ ನಿಮ್ಮ ಅಡಾಪ್ಟರ್. ಕೆಳಗಿನ ಅಂಕಿ 216ಕ್ಕಿಂತ ಕೆಳಗೆ ಹೋಗುತ್ತಿದ್ದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಒಳ್ಳೆಯ ಅಡಾಪ್ಟರ್ ಹೆಡ್‌ಫೋನಿನ ಗುಂಯ್ ಅನ್ನು ಮಾತ್ರ ನಿಲ್ಲಿಸುತ್ತದೆ, ಟಿಸಿ ಬದಲಾಗಬೇಕಾದರೆ ನಾವೇ ಕೇಳಬೇಕು.