ಗಾಳಿಪಟದ ಸೂತ್ರ

ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಲಿಫ್ಟ್ ಫಾರ್ಮುಲಾ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ಆಷಾಢದಲ್ಲಿ ದೊಡ್ಡಬಳ್ಳಾಪುರದ ಅಜ್ಜಿ ಮನೆಗೆ ಹೋದಾಗ ಮಾವನ ಮಗ, "ಅಣ್ಣಾ, ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಒಂದು ಪಟ ಮಾಡ್ಕೊಡು" ಅಂದ. ಮರ್ಯಾದೆ ಪ್ರಶ್ನೆ!

ಬೇಕಾದದ್ದು ಇಷ್ಟೇ: 42 ಸೆಂ.ಮೀ. ಚೌಕದ ನ್ಯೂಸ್‌ಪೇಪರ್, ಎರಡು ತೆಳು ಬಿದಿರು ಕಡ್ಡಿ, ಮೈದಾ ಅಂಟು, ಹತ್ತಿ ದಾರ. ಒಂದು ಕಡ್ಡಿ ಮೂಲೆಯಿಂದ ಮೂಲೆಗೆ ನೇರವಾಗಿ; ಇನ್ನೊಂದು ಬಿಲ್ಲಿನ ಹಾಗೆ ಬಾಗಿಸಿ ಅಡ್ಡಕ್ಕೆ.

ಮೊದಲು ಲೆಕ್ಕ. ಲಿಫ್ಟ್ = ½ × ಗಾಳಿಯ ಸಾಂದ್ರತೆ × ವೇಗದ ವರ್ಗ × ವಿಸ್ತೀರ್ಣ × ಲಿಫ್ಟ್ ಗುಣಾಂಕ. ಸಾಂದ್ರತೆ ಸುಮಾರು 1.1 ಕೆಜಿ/ಘನ ಮೀ., ವಿಸ್ತೀರ್ಣ 0.18 ಚ.ಮೀ., ಗುಣಾಂಕ 0.6 ಅಂತ ಇಟ್ಟುಕೊಂಡೆ. ಪಟದ ತೂಕ 30 ಗ್ರಾಂ, ಅಂದ್ರೆ 0.3 ನ್ಯೂಟನ್. ಸೆಕೆಂಡಿಗೆ ಸುಮಾರು 2.3 ಮೀಟರ್ ಗಾಳಿ ಸಾಕು. ಆಷಾಢದ ಗಾಳಿಗೆ ಅದೇನು ಮಹಾ?

ಮೊದಲ ಸಲ ಪಟ ಗಾಳಿಗೆ ಎದೆಕೊಟ್ಟು ದಾರ ಜಗ್ಗಿತೇ ಹೊರತು ಮೇಲೇರಲಿಲ್ಲ. ಮಹಡಿಗೆ ಬಂದ ತಾತ ನೋಡಿ, "ಸೂತ್ರ ಸರಿ ಇಲ್ಲ ಕಣೋ" ಅಂದ್ರು. ನಾನು ಫಾರ್ಮುಲಾ ತಪ್ಪಾಯ್ತೇನೋ ಅಂದ್ಕೊಂಡೆ! ಅವರು ಹೇಳಿದ್ದು ನೇರ ಕಡ್ಡಿಗೆ ಎರಡು ಕಡೆ ಕಟ್ಟಿದ ದಾರದ ಬಗ್ಗೆ. ಅದರ ಗಂಟು ತೀರಾ ಕೆಳಗಿತ್ತು. ಹಾಗಾಗಿ ಪಟ ಗಾಳಿಗೆ ಅಡ್ಡವಾಗಿ ನಿಂತು, ಲಿಫ್ಟ್‌ಗಿಂತ ಡ್ರ್ಯಾಗ್ ಹೆಚ್ಚಾಗಿತ್ತು. ಗಂಟನ್ನು 1 ಸೆಂ.ಮೀ. ಮೇಲಕ್ಕೆ ಸರಿಸಿದೆ.

ಎರಡನೇ ಸಲ ಮೇಲೇರಿತು, ಆದರೆ ಗಿರಗಿರ ಸುತ್ತಿ ನೆಲಕ್ಕೆ ಬಿತ್ತು. "ಲಾಗ ಹೊಡೀತಿದೆ, ಬಾಲಂಗೋಚಿ ಎಲ್ಲೋ?" ಮತ್ತೆ ತಾತ. ನಾನು ಗಂಟನ್ನೂ ಸರಿಸೋಕೆ ಹೋದೆ, ಅವರು ಕೈ ಹಿಡಿದರು: "ಒಂದು ಸಲಕ್ಕೆ ಒಂದೇ." ಹಳೇ ಪಂಚೆಯ ಒಂದೂವರೆ ಮೀಟರ್ ಪಟ್ಟಿ ಕಟ್ಟಿದೆವು. ಬಾಲಂಗೋಚಿಯನ್ನು ಗಾಳಿ ಹಿಂದಕ್ಕೆ ಎಳೆಯುತ್ತೆ, ಅದರಿಂದ ಪಟದ ತಲೆ ಮೇಲೇ ಇರುತ್ತೆ.

ಮೂರನೇ ಸಲ ಪಟ ತೆಂಗಿನಮರ ದಾಟಿತು. ಹುಡುಗ ಕೂಗಿದ್ದು ಬೀದಿಗೆಲ್ಲ ಕೇಳಿರಬೇಕು.

ರಾತ್ರಿ ಯೋಚಿಸಿದೆ. ನಾನು ಕಣ್ಮುಚ್ಚಿ ಹಾಕಿದ್ದ ಆ 0.6 ಇದೆಯಲ್ಲ, ಅದು ಪಟ ಗಾಳಿಗೆ ಎಷ್ಟು ಕೋನದಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಆ ಕೋನವನ್ನು ತೀರ್ಮಾನಿಸೋದು ತಾತನ ಗಂಟು. ಸೂತ್ರ ಅಂದ್ರೆ ಫಾರ್ಮುಲಾ ಅಂತಷ್ಟೇ ಗೊತ್ತಿತ್ತು. ಅದರ ಮೂಲ ಅರ್ಥ ದಾರ.

ನೀವೂ ಮಾಡಿ ನೋಡಿ. ಹತ್ತಿ ದಾರವನ್ನೇ ಬಳಸಿ, ನೈಲಾನ್ ಮಾಂಜಾ ಬೇಡ: ಹಕ್ಕಿಗಳ ರೆಕ್ಕೆ, ಬೈಕ್ ಸವಾರರ ಕತ್ತು ಎರಡನ್ನೂ ಕೊಯ್ಯುತ್ತೆ. ಕರೆಂಟ್ ತಂತಿಗೆ ಸಿಕ್ಕಿದ ಪಟವನ್ನು ಬಿಟ್ಟುಬಿಡಿ, ಇನ್ನೊಂದು ಮಾಡಿಕೊಳ್ಳಬಹುದು.