ಬುತ್ತಿ ಗಂಟಿನ ಲೆಕ್ಕ

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹತ್ತಾರು ಹುಡುಗರು ಅದರ ಬೆನ್ನು ಹತ್ತಿ ಓಡಿದರೆಂದರೆ ಅದು ಬುತ್ತಿ ಬಂದ ಬಸ್ಸು. ಧಾರವಾಡದ ಬಸ್ ನಿಲ್ದಾಣದಲ್ಲಿ ನಾನೂ ಎರಡು ವರ್ಷ ಹಾಗೆ ಓಡಿದವನೇ. ನಮ್ಮೂರು ಸವದತ್ತಿ ತಾಲೂಕಿನಲ್ಲಿ. 1994ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ.ಗೆ ಸೇರಿದ್ದೆ. ವಾಯವ್ಯ ಸಾರಿಗೆ ಬೇರೆಯಾದದ್ದು 1997ರಲ್ಲಿ, ಹಾಗಾಗಿ ಆಗೆಲ್ಲ ಕೆಎಸ್‌ಆರ್‌ಟಿಸಿ ಬಸ್ಸೇ. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಗಂಟುಗಳು ಗುಡ್ಡೆ ಬಿದ್ದಿರುತ್ತಿದ್ದವು. ಕೆಲವಕ್ಕೆ ಹೆಸರಿನ ಚೀಟಿ, ಕೆಲವಕ್ಕೆ ಅದೂ ಇಲ್ಲ. ನನ್ನದನ್ನು ದೂರದಿಂದಲೇ ಗುರುತಿಸುತ್ತಿದ್ದೆ. ಅವ್ವನ ಹಳೇ ಇಳಕಲ್ ಸೀರೆಯ ಸೆರಗಿನ ಕೆಂಪು ತುಂಡು, ಅದಕ್ಕೆ ಯಾರೂ ಬಿಚ್ಚಲಾಗದಂಥ ಎರಡು ಗಂಟು. ಒಳಗೆ ಮೂವತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಇನ್ನೊಂದರಲ್ಲಿ ಅಗಸಿ ಹಿಂಡಿ ಇಲ್ಲವೇ ಕೆಂಪು ಖಾರ. ಇಂಜಿನ್ನಿನ ಬಿಸಿಗೆ ಗಂಟಿನ ತಳ ಬೆಚ್ಚಗಿರುತ್ತಿತ್ತು. ಸಾಗಣೆ ವೆಚ್ಚ ಸೊನ್ನೆ. ಕಂಡಕ್ಟರ್ ಒಮ್ಮೊಮ್ಮೆ "ಎರಡ ರೊಟ್ಟಿ ಕಡಿಮಿ ಅದಾವ ನೋಡಪಾ" ಎಂದು ನಗುತ್ತಿದ್ದ. ನಿಜವಾಗಿಯೂ ಎರಡು ಕಡಿಮೆ ಇರುತ್ತಿದ್ದವು.

ಖಾಲಿ ಡಬ್ಬಿ, ಬಟ್ಟೆ ಸಂಜೆಯ ಬಸ್ಸಿಗೆ ವಾಪಸು. ಪೋಸ್ಟ್‌ಕಾರ್ಡಿಗೆ ಆಗ 15 ಪೈಸೆ. ಡಬ್ಬಿಯೊಳಗೇ ಚೀಟಿ ಇಟ್ಟರೆ ಅದೂ ಉಳಿಯುತ್ತದಲ್ಲ ಎಂದು ಹೊಳೆದಾಗ ಆದ ಹೆಮ್ಮೆ ನನಗೆ ಆ್ಯಡಮ್ ಸ್ಮಿತ್ ಅರ್ಥವಾದಾಗಲೂ ಆಗಲಿಲ್ಲ. ಖಾರದ ಎಣ್ಣೆ ಕುಡಿದು ಚೀಟಿಯ ಅರ್ಧ ಅಕ್ಷರ ಮಾಯವಾಗಿರುತ್ತಿದ್ದವಂತೆ. 'ರೊಕ್ಕ ಕಳಿಸ್ರಿ' ಎಂಬುದು ಮಾತ್ರ ಯಾವತ್ತೂ ಅಳಿಸಿರುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಬರುತ್ತಿದ್ದ ರೊಕ್ಕ ತಿಂಗಳಿಗೆ 400. ಸಪ್ತಾಪುರದಲ್ಲಿ ಮೂವರು ಸೇರಿ ಹಿಡಿದ ಖೋಲಿಗೆ 450 ಬಾಡಿಗೆ, ನನ್ನ ಪಾಲು 150. ಖಾನಾವಳಿಯಲ್ಲಿ ಎರಡೂ ಹೊತ್ತು ಉಂಡರೆ 280. ಅಲ್ಲಿಗೆ 430 ಆಯಿತು, ಸೋಪು ಕೊಳ್ಳುವ ಮೊದಲೇ 30 ರೂಪಾಯಿ ಸಾಲ. ಅದಕ್ಕೆ ಮಧ್ಯಾಹ್ನ ಒಂದೇ ಹೊತ್ತು ಖಾನಾವಳಿ ಹಚ್ಚಿದೆ, 140ಕ್ಕೆ ಮುಗಿಯಿತು. ರಾತ್ರಿಗೆ ಬುತ್ತಿ. ಉಳಿದ 110 ರೂಪಾಯಿಯಲ್ಲಿ ಸೋಪು, ಚಹಾ, ಝೆರಾಕ್ಸ್, ಚಿಮಣಿ ಎಣ್ಣೆ, ಆಗೀಗ ಚಪ್ಪಲಿಯ ಉಂಗುಟ.

ಉಳಿತಾಯದ ಬಗ್ಗೆ ಬರೆಯುವವರು ಮೊದಲು ಚಹಾ ಬಿಡಿಸಲು ನೋಡುತ್ತಾರೆ. ದಿನಕ್ಕೊಂದು ಚಹಾ ಬಿಟ್ಟಿದ್ದರೆ ನನಗೆ ತಿಂಗಳಿಗೆ 30 ರೂಪಾಯಿ ಉಳಿಯುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಯಾರ ಬಳಿ ಯಾವ ಪುಸ್ತಕ ಇದೆ, ಯಾವ ಓಣಿಯಲ್ಲಿ ಸಸ್ತಾ ಖೋಲಿ ಖಾಲಿಯಾಗಿದೆ, ಯಾವ ಶಿಷ್ಯವೇತನದ ಅರ್ಜಿಗೆ ನಾಳೆಯೇ ಕಡೇ ದಿನ, ಇದೆಲ್ಲ ಗೊತ್ತಾಗುತ್ತಿದ್ದುದು ಆ ಚಹಾದಂಗಡಿಯ ಕಟ್ಟೆಯ ಮೇಲೇ. ಚಹಾ ಬಿಟ್ಟವರು ಖೋಲಿಯಲ್ಲಿ ಕೂತು ಪೂರ್ತಿ ಬಾಡಿಗೆ ಕಟ್ಟುತ್ತಿದ್ದರು.

ಸ್ವಂತ ಕೈಯಿಂದ ಮಾಡಿಕೊಂಡದ್ದರಲ್ಲಿ ನಿಜವಾಗಿ ಫಲ ಕೊಟ್ಟದ್ದು ಕಾರ್ಬನ್ ಹಾಳೆ. ಝೆರಾಕ್ಸ್ ಪುಟಕ್ಕೆ 75 ಪೈಸೆ ಇದ್ದಾಗ 300 ಪುಟದ ಪುಸ್ತಕಕ್ಕೆ 225 ರೂಪಾಯಿ, ಅಂದರೆ ಒಂದೂವರೆ ತಿಂಗಳ ಬಾಡಿಗೆ. ಹುಬ್ಬಳ್ಳಿಯ ಗೆಳೆಯನೊಬ್ಬನ ಬಳಿ ಪುಸ್ತಕಗಳಿದ್ದವು, ಬರೆಯುವ ತಾಳ್ಮೆ ಇರಲಿಲ್ಲ. ನನ್ನದು ಅದರ ತದ್ವಿರುದ್ಧ. ನಾನು ಅಧ್ಯಾಯ ಓದಿ ಸಾರಾಂಶ ಬರೆಯುವುದು, ಅಡಿಯಲ್ಲಿ ಕಾರ್ಬನ್, ಮೇಲಿನ ಪ್ರತಿ ಅವನಿಗೆ, ಮಸಿ ಮಸಿಯಾದ ಕೆಳಗಿನದು ನನಗೆ. ಬಾಲ್‌ಪೆನ್ ಒತ್ತಿ ಒತ್ತಿ ನಡುಬೆರಳಿನ ಪಕ್ಕ ಕಟ್ಟಿದ ಗಡ್ಡೆ ಇನ್ನೂ ಹೋಗಿಲ್ಲ. ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ ಬಂದವು. ಒತ್ತಿ ಬರೆದದ್ದು ಕಾರ್ಬನ್ನಿಗಷ್ಟೇ ಇಳಿದಿರಲಿಲ್ಲವಲ್ಲ.

ವಹಿಗಳನ್ನೂ ನಾವೇ ಹೊಲಿದುಕೊಳ್ಳುತ್ತಿದ್ದೆವು. ಏಪ್ರಿಲ್ ಮುಗಿದು ಹುಡುಗರು ಖೋಲಿ ಖಾಲಿ ಮಾಡುವಾಗ ಅರ್ಧ ಬರೆದ ವಹಿಗಳು ರದ್ದಿಗೆ ಬೀಳುತ್ತಿದ್ದವು. ಬರೆಯದ ಹಾಳೆ ಕಿತ್ತು, ಅಂಚು ಸಮ ಮಾಡಿ, ಮೂರು ಕಡೆ ದಬ್ಬಣದಿಂದ ತೂತು ಹಾಕಿ ಹುರಿ ಪೋಣಿಸಿದರೆ ಆಯಿತು. ಹಳೇ ಕ್ಯಾಲೆಂಡರೇ ಹೊದಿಕೆ. ಒಂದು ಪುಟಕ್ಕೆ ಗೆರೆ, ಮುಂದಿನದು ಬಿಳಿ, ನಡುವೆ ಯಾರದೋ ಗಣಿತದ ಚೌಕಳಿ. ಪಂಪ್ ಸ್ಟೋವಿನ ಚರ್ಮದ ವಾಷರ್ ಒಣಗಿ ಗಾಳಿ ಹಿಡಿಯದಿದ್ದರೆ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಹಾಕುವುದನ್ನೂ ಕಲಿತೆ. ಒಬ್ಬರ ತಲೆ ಒಬ್ಬರು ಕತ್ತರಿಸಿಕೊಂಡ ಬಗ್ಗೆ ಬರೆಯುವುದಿಲ್ಲ. ಫೋಟೊಗಳಿವೆ.

ಇಷ್ಟಾದ ಮೇಲೆ ನಮಗೆ ನಾವೇ ದೊಡ್ಡ ಮೇಸ್ತ್ರಿಗಳೆನಿಸಿದ್ದು ಸಹಜ. ರೇಷನ್ ಕಾರ್ಡಿಲ್ಲದ ನಮಗೆ ಚಿಮಣಿ ಎಣ್ಣೆ ಕಾಳಸಂತೆಯ ದರಕ್ಕೇ ಸಿಗುತ್ತಿತ್ತು. ಕರೆಂಟ್ ಬಿಲ್ ಮಾತ್ರ ಬಾಡಿಗೆಯಲ್ಲೇ ಸೇರಿತ್ತು. ಕಾಯಿಲ್ ಒಲೆ ಹಚ್ಚಕೂಡದೆಂದು ಮಾಲಕರು ಮೊದಲ ದಿನವೇ ಹೇಳಿದ್ದರು. ಹಚ್ಚಿದೆವು. 1000 ವಾಟಿನ ಒಲೆ ಒಂದು ತಾಸು ಉರಿದರೆ ಒಂದು ಯೂನಿಟ್. ಆ ಯೂನಿಟ್ಟುಗಳನ್ನು ನಾನು ನನ್ನ ವಹಿಯಲ್ಲಿ 'ಉಳಿತಾಯ' ಎಂಬ ಕಡೆ ಬರೆದುಕೊಂಡಿದ್ದೇನೆ. ಮಾಲಕರ ಮೀಟರಿಗೆ ಅದು ಹಾಗೆ ಕಂಡಿರಲಿಕ್ಕಿಲ್ಲ.

ಒಂದು ದಿನ ಒಲೆಯ ಸುರುಳಿ ತುಂಡಾಯಿತು. ಹೊಸ ಸುರುಳಿಗೆ ಹತ್ತು ಹನ್ನೆರಡು ರೂಪಾಯಿ. ಯಾಕೆ ಕೊಡಬೇಕು? ಸುಟ್ಟ ತುದಿ ಕತ್ತರಿಸಿ, ಎರಡೂ ಕೊನೆ ಎಳೆದು ಹೊಸೆದು ಜೋಡಿಸಿದೆ. ಮತ್ತೆ ತುಂಡಾಯಿತು, ಮತ್ತೆ ಜೋಡಿಸಿದೆ. ಸುರುಳಿ ಗಿಡ್ಡಾದಷ್ಟೂ ಅದರ ತಡೆ ಇಳಿದು ಹೆಚ್ಚು ಕರೆಂಟು ಹರಿಯುತ್ತದೆಂಬುದನ್ನು ಪಿಯುಸಿಯಲ್ಲಿ ಓದಿದ್ದೆ, ಅಂಕವೂ ಬಂದಿತ್ತು. ಫ್ಯೂಸ್ ಪದೇ ಪದೇ ಹೋಗತೊಡಗಿದಾಗ ಖೋಲಿಯ ಇನ್ನೊಬ್ಬ ಮೇಸ್ತ್ರಿ ಅದಕ್ಕೆ ದಪ್ಪ ತಂತಿ ಸುತ್ತಿದ. ಫ್ಯೂಸ್ ಉಳಿಯಿತು, ಗೋಡೆಯ ವಾಯರು ಸುಟ್ಟಿತು. ಹಾಲು ಉಕ್ಕುವ ಹೊತ್ತಿಗೆ ಸುಟ್ಟ ರಬ್ಬರಿನ ವಾಸನೆ, ಆಮೇಲೆ ಇಡೀ ಮನೆ ಕತ್ತಲು, ಕತ್ತಲಲ್ಲಿ ಮಾಲಕರ ಚಪ್ಪಲಿ ಸಪ್ಪಳ. ವಾಯರಿಂಗಿಗೆ 360 ಕೊಡಬೇಕಾಯಿತು, ತಲೆಗೆ 120. ಆ ತಿಂಗಳ 110 ರೂಪಾಯಿ ಹೋಗಿ ಮೇಲೆ ಹತ್ತು ಸಾಲ.

ಈಗ ತಂಗಿಯ ಮಗಳು ಅದೇ ಧಾರವಾಡದಲ್ಲಿ ಓದುತ್ತಿದ್ದಾಳೆ. "ಮಾಮಾ, ನಾ ಏನೂ ಖರ್ಚ ಮಾಡಂಗಿಲ್ಲ, ಆದ್ರೂ ರೊಕ್ಕ ಉಳಿವಲ್ದು" ಎಂದು ಫೋನ್ ಮಾಡಿದಳು. ದೀಪಾವಳಿ ರಜೆಯಲ್ಲಿ ಇಬ್ಬರೂ ಅವಳ ಮೊಬೈಲಿನ ವಹಿವಾಟಿನ ಪಟ್ಟಿ ಹಿಡಿದು ಕೂತೆವು. ಹತ್ತು, ಇಪ್ಪತ್ತು, ಮೂವತ್ತೈದು ಎಂದು ಪಟ್ಟಿ ಹೊಲದ ಬದುವಿನಂತೆ ಉದ್ದಕ್ಕೆ ಹೋಗುತ್ತಿತ್ತು. ನಾನು ಬೈಯಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಪುಕ್ಕಟೆ, ಚಹಾಕ್ಕೆ ಹತ್ತು ಹೋದರೆ ಹೋಗಲಿ. ಕಣ್ಣಿಗೆ ಬಿದ್ದದ್ದು ಬೇರೆ ಎರಡು. ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲವೆಂದು ಬ್ಯಾಂಕು ಆಗಾಗ ದಂಡ ಮುರಿದುಕೊಂಡಿತ್ತು. ಕನಿಷ್ಠ ಮೊತ್ತದ ಹಂಗೇ ಇಲ್ಲದ ಮೂಲ ಉಳಿತಾಯ ಖಾತೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೇಳಿದವರಿಗೆ ಸಿಗುತ್ತದೆ, ಇವಳು ಕೇಳಿರಲಿಲ್ಲ. ಎರಡನೆಯದು ಪಟ್ಟಿಯಲ್ಲಿ ಇಲ್ಲವೇ ಇಲ್ಲದ್ದು. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ವಿದ್ಯಾಸಿರಿಯಲ್ಲಿ ಆಗ ತಿಂಗಳಿಗೆ 1500ರಂತೆ ಹತ್ತು ತಿಂಗಳು ಕೊಡುತ್ತಿದ್ದರು. ಜಾತಿ, ಆದಾಯದ ಪ್ರಮಾಣಪತ್ರ ಹೊಂದಿಸುವುದು ಬೇಸರವೆಂದು ಅವಳು ಅರ್ಜಿಯನ್ನೇ ಹಾಕಿರಲಿಲ್ಲ. 15,000 ರೂಪಾಯಿ! ಅಷ್ಟಕ್ಕೆ ಎಷ್ಟು ಚಹಾ ಬಿಡಬೇಕೆಂದು ಅವಳೇ ಮೊಬೈಲಿನಲ್ಲಿ ಲೆಕ್ಕ ಹಾಕಿ ಸುಮ್ಮನಾದಳು.

ಈ ಅಂಕಣಕ್ಕೆಂದು ನನ್ನ ಹಳೇ ವಹಿ ಹುಡುಕಿ ತೆಗೆದೆ. ಉಂಗುಟಕ್ಕೆ 2 ರೂಪಾಯಿ, ಕಾರ್ಬನ್ನಿಗೆ 6, ವಾಯರಿಂಗಿಗೆ ಕೆಂಪು ಶಾಯಿಯಲ್ಲಿ 120, ಎಲ್ಲ ಇದೆ. ಬುತ್ತಿಯ ಸುದ್ದಿ ಮಾತ್ರ ಎಲ್ಲೂ ಇಲ್ಲ. ವಾರಕ್ಕೆ ಮೂವತ್ತು ರೊಟ್ಟಿ, ವರ್ಷಕ್ಕೆ ನಲವತ್ತು ವಾರ, ಎರಡು ವರ್ಷಕ್ಕೆ 2400 ರೊಟ್ಟಿ. ಈಗ ನಾನು ಅಂಗಡಿಯಲ್ಲಿ ಕೊಳ್ಳುವ ಹತ್ತು ರೂಪಾಯಿ ದರ ಹಿಡಿದರೆ 24,000. ಅವ್ವನಿಗೆ ಫೋನ್ ಮಾಡಿ, ನಿನಗೆ ಇಷ್ಟು ಬಾಕಿ ಇದ್ದೇನೆ ನೋಡು ಎಂದೆ. ನಕ್ಕಾಳೆಂದುಕೊಂಡಿದ್ದೆ.

"ರೊಟ್ಟೀದೇನ್ ಹಿಡೀತಿ, ಜ್ವಾಳ ಹೊಲದಾಗಿಂದ," ಎಂದಳು. "ವರ್ಷಾ ಒಂದ ಚೀಲ ಶೇಂಗಾ ಮಾರಗೊಡದ ತಗದ ಇಡ್ತಿದ್ದೆ, ನಿನ್ನ ಹಿಂಡೀ ಸಲುವಾಗಿ. ಪ್ಯಾಟಿಯವ ತೂಕಾ ಮಾಡೂ ಮುಂದ ನಿಮ್ಮಪ್ಪಗೂ ನನಗೂ ದೊಡ್ಡ ಜಗಳಾ ಆಗೋದು. ಅದನ್ನ ಬರಕೋ ಮದ್ಲ."